ಆರು ಶನಿವಾರಗಳ ಜವಾಬು ಮತ್ತು ನಮ್ಮ ಕಾಮಾಕ್ಷಿಯಕ್ಕ

ತಮಿಳುನಾಡಿನ ಈ ದಕ್ಷಿಣದ ಜಿಲ್ಲೆಗಳಲ್ಲಿ ಮನೋರೋಗಿಗಳ ಶುಶ್ರೂಷೆಗೆ ಬದುಕು ಸವೆಸಿದವರ ಹೆಸರುಗಳನ್ನು ಯಾರಾದರೂ ಬರೆಯಹೊರಟರೆ, ವೈದ್ಯರ ಹೆಸರುಗಳು ಮೊದಲು ಬರುತ್ತವೆ, ದಾನಿಗಳ ಹೆಸರುಗಳು ಆಮೇಲೆ ಬರುತ್ತವೆ, ದಾದಿಯರ ಸರದಿ ಬರುವ ಹೊತ್ತಿಗೆ ಹಾಳೆ ಮುಗಿದಿರುತ್ತದೆ. ಅಂಚಿನಲ್ಲಿ ಜಾಗ ಮಾಡಿಕೊಂಡಾದರೂ ಬರೆಯಲೇಬೇಕಾದ ಹೆಸರು ಶ್ರೀಮತಿ ಕಾಮಾಕ್ಷಿಯಮ್ಮಾಳ್ ಅವರದು. ದೊಡ್ಡ ಆಸ್ಪತ್ರೆಯೊಂದರ ಮನೋರೋಗ ವಾರ್ಡಿನಲ್ಲಿ ಮೂವತ್ತು ವರ್ಷಗಳ ಮೇಲೆ, ತೇನಿಯ ‘ತಿಣ್ಣೆ’ಯಲ್ಲಿ ನಾಲ್ಕು ವರ್ಷ ದುಡಿದು, ಈ 1999ರ ಡಿಸೆಂಬರಿಗೆ ಅರವತ್ತು ತುಂಬಿ ಅವರು ನಿವೃತ್ತರಾಗುತ್ತಿದ್ದಾರೆ. ಅವರಿಗೆ ಅರ್ಪಿಸುವ ಈ ಗ್ರಂಥದಲ್ಲಿ ಒಂದು ಲೇಖನ ಬರೆಯುವ ಭಾಗ್ಯ ನನ್ನದಾಗಿದೆ.

ತಿಣ್ಣೆ ಎಂದರೇನೆಂದು ಮೊದಲು ಹೇಳಿಬಿಡಬೇಕು. ತೇನಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಹಳೆಯ ಹೆಂಚಿನ ಮನೆ ಅದು. ಮನೋರೋಗದೊಂದಿಗೆ ಬದುಕುತ್ತಿರುವವರು ಅಲ್ಲಿಗೆ ಬೆಳಿಗ್ಗೆ ಬರುತ್ತಾರೆ, ಅಡುಗೆ ಮಾಡುತ್ತಾರೆ, ಗಿಡಕ್ಕೆ ನೀರು ಹಾಕುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ನಾಲ್ಕು ಗಂಟೆಯ ಮೇಲೆ ಮುಂದಿನ ತಿಣ್ಣೆಯಲ್ಲಿ, ಅಂದರೆ ಜಗುಲಿಯಲ್ಲಿ, ಕೂತು ಹರಟುತ್ತಾರೆ. ಅಲ್ಲಿ ಡಾಕ್ಟರಿಲ್ಲ, ಮಂಚವಿಲ್ಲ, ಬೀಗವಿಲ್ಲ. ಬರುವವರನ್ನು ರೋಗಿಗಳೆನ್ನುವುದಿಲ್ಲ, ಸದಸ್ಯರೆನ್ನುತ್ತಾರೆ. ನಾನು ಅಲ್ಲಿಯ ಹದಿನಾಲ್ಕನೆಯ ಸದಸ್ಯ, ಹೆಸರು ಅಳಗರ್.

ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ಈ ಗ್ರಂಥದ ತಮಿಳು ಓದುಗರು ಕೇಳಬಹುದು. ಅಕ್ಕನ ಮನೆಯವರೂ ನಮ್ಮ ಮನೆಯವರೂ ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಬಂದು ಈ ಕಡೆ ನೆಲೆಸಿದ ಒಕ್ಕಲು ಜನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆಡುವ ಕನ್ನಡಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ಹಠ ಹಿಡಿದು ಕಲಿತ ಅಕ್ಷರ ನನ್ನದು. ಗ್ರಂಥದ ಮಾತೆದ್ದಾಗ ಅಕ್ಕ ಎರಡು ವಾರ ಬೇಡವೇ ಬೇಡ ಎಂದು ಸಿಡುಕಿ, ಕೊನೆಗೆ, “ತಮಿಳ್ನಾಗೆ ಎಲ್ರೂ ಬರೀತಾರೆ. ಒಬ್ರಾನಾ ನಮ್ಮನೆ ಮಾತ್ನಾಗೆ ಬರೀರಪ್ಪಾ” ಎಂದರು. ಪುಸ್ತಕದ ಕನ್ನಡ ಅವರಿಗೆ ಅರ್ಧ ಅರ್ಥವಾಗುವುದಿಲ್ಲ. ನಾನೇ ಓದಿ ಹೇಳುತ್ತೇನೆಂದು ಒಪ್ಪಿಕೊಂಡಿದ್ದೇನೆ.

ದಿಂಡಿಗಲ್ ಪಕ್ಕದ ಹಳ್ಳಿಯೊಂದರಲ್ಲಿ ಹುಟ್ಟಿದ ಅವರು ದಾದಿಯ ತರಬೇತಿ ಮುಗಿಸಿ ಮನೋರೋಗ ವಾರ್ಡಿಗೆ ಸೇರಿದ್ದು ಇಷ್ಟಪಟ್ಟಲ್ಲ. ಬೇರೆ ಯಾರೂ ಹೋಗಲೊಪ್ಪದ ಜಾಗಕ್ಕೆ ಹೊಸಬರನ್ನು ತಳ್ಳುವ ಪದ್ಧತಿಯಿಂದ. ಆ ವಾರ್ಡಿನಲ್ಲಿ ಊಟಕ್ಕೆ ಕರೆಯುವಾಗ ಮಂಚದ ನಂಬರು ಕೂಗುತ್ತಿದ್ದರಂತೆ. ಇವರು ಅರವತ್ತು ಜನರ ಹೆಸರು ಬಾಯಿಪಾಠ ಮಾಡಿ ಹೆಸರು ಹಿಡಿದು ಕರೆಯತೊಡಗಿದಾಗ, ಅದರಿಂದ ಊಟ ತಡವಾಗುತ್ತದೆಂದು ಮೇಲಿನವರು ಬೈದರಂತೆ. ಅಕ್ಕ ಬೈಸಿಕೊಂಡರು, ಹೆಸರು ಹಿಡಿದೇ ಕರೆದರು. ಇದನ್ನು ನನಗೆ ಹೇಳಿದ್ದು ಅವರಲ್ಲ, ಆ ಅರವತ್ತರಲ್ಲಿ ಒಬ್ಬರಾಗಿದ್ದ, ಈಗ ನಮ್ಮ ತಿಣ್ಣೆಯ ಸದಸ್ಯೆಯಾದ ಮುನಿಯಮ್ಮಾಳ್.

ವಾರ್ಡಿನಲ್ಲಿದ್ದಾಗಲೇ ಅವರಿಗೆ ಒಂದು ವಿಷಯ ಕಾಡತೊಡಗಿತ್ತು. ಗುಣ ಕಂಡು ಮನೆಗೆ ಹೋದವರು ಒಂದೆರಡು ವರ್ಷದಲ್ಲಿ ಮತ್ತೆ ಬರುತ್ತಿದ್ದರು. ಮದ್ದು ತಪ್ಪಿಸಿದವರು ಬಂದರೆ ಆಶ್ಚರ್ಯವಿರಲಿಲ್ಲ. ತಪ್ಪದೆ ತೆಗೆದುಕೊಂಡವರೂ ಬರುತ್ತಿದ್ದರು. ಮನೆಯಲ್ಲಿ ಇವರಿಗೆ ಒಂದು ಕೋಣೆ, ಒಂದು ತಟ್ಟೆ, ವೇಳೆಗೆ ಸರಿಯಾಗಿ ಮಾತ್ರೆ ಇರುತ್ತಿತ್ತು, ಮಾತಾಡಲು ಮಾತ್ರ ಯಾರೂ ಇರುತ್ತಿರಲಿಲ್ಲ. ಹೀಗಾಗಿ ಕೆಲಸಕ್ಕೆ ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟು, ಕೆಲವು ಗೆಳೆಯರು ಕಟ್ಟಿದ ಒಂದು ಟ್ರಸ್ಟಿನ ಬೆಂಬಲ ಪಡೆದು, 1996ರ ಜನವರಿಯಲ್ಲಿ ಅವರು ತಿಣ್ಣೆ ತೆರೆದರು.

ನನ್ನ ಕಥೆ ಅಲ್ಲಿಂದ ಶುರು. ಒಡ್ಡನ್‌ಛತ್ರದ ಶಾಲೆಯೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ನನಗೆ 1993ರಲ್ಲಿ ರೋಗ ಬಂತು. ಇಲ್ಲದವರ ದನಿ ಕೇಳಿಸುತ್ತಿತ್ತು; ತರಗತಿಯಲ್ಲಿ ಮಕ್ಕಳನ್ನು ಬಿಟ್ಟು ಆ ದನಿಗೆ ಉತ್ತರ ಕೊಡುತ್ತಿದ್ದೆ. ಕೆಲಸ ಹೋಯಿತು. ಮದ್ದಿನಿಂದ ದನಿ ಅಡಗಿತು, ಕೈ ನಡುಗತೊಡಗಿತು. ಉತ್ತಮಪಾಳಯಂ ಹತ್ತಿರದ ನಮ್ಮ ಊರಿನಲ್ಲಿ ಅವ್ವನ ಮನೆಯ ಒಳಕೋಣೆ ಸೇರಿದವನು ಮೂರು ವರ್ಷ ಹೊರಗಿನವರೊಡನೆ ಒಂದು ಮಾತೂ ಆಡಲಿಲ್ಲ.

ಯಾರೋ ಹೇಳಿ ಅಕ್ಕ ನಮ್ಮ ಮನೆಗೆ ಬಂದರು. ಜೊತೆಗೆ ಸದಸ್ಯರಲ್ಲಿ ಒಬ್ಬರಾದ ಕಾಳಿಮುತ್ತು, ಒಂದು ಕಾಲದಲ್ಲಿ ಟೌನ್ ಬಸ್ಸಿನ ಕಂಡಕ್ಟರು. ನನ್ನನ್ನು ಕರೆಯಿರಿ ಎಂದು ಇಬ್ಬರೂ ಕೇಳಲಿಲ್ಲ. ಹೊರಗೆ ಕೂತು ಅವ್ವ ಕೊಟ್ಟ ಮಜ್ಜಿಗೆ ಕುಡಿದು, ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೋದರು. ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ ಬಂದರು. ಏಳನೆಯ ವಾರವೋ ಎಂಟನೆಯ ವಾರವೋ, ಕಾಳಿಮುತ್ತು ಏನೋ ಹೇಳುತ್ತ ಒಡ್ಡನ್‌ಛತ್ರ ಹೊಸ ತೇನಿ ಜಿಲ್ಲೆಗೆ ಸೇರುತ್ತದೆ ಎಂದುಬಿಟ್ಟರು. ಭೂಗೋಳದ ಮೇಷ್ಟ್ರಿಗೆ ಅದು ಸಹಿಸುವ ಮಾತೇ? “ದಿಂಡಿಗಲ್ ಜಿಲ್ಲೆ!” ಎಂದು ಒಳಗಿನಿಂದ ಕೂಗಿದೆ. ಹೊರಗಿನಿಂದ ಅಕ್ಕನ ದನಿ ಕೇಳಿತು: “ಆಂಗಂತೀಯಾ? ಸರಿ, ಬಂದು ಇವಂಗೆ ಬುದ್ಧಿ ಏಳು.” ನಾನು ಹೊರಗೆ ಬಂದು ಬುದ್ಧಿ ಹೇಳಿದೆ. ಮುಂದಿನ ಸೋಮವಾರ ಕಾಳಿಮುತ್ತುವಿನ ಜೊತೆ ಬಸ್ಸು ಹತ್ತಿ ತೇನಿಗೆ ಹೋದೆ.

ಅಲ್ಲಿ ಅಕ್ಕನನ್ನು ಹತ್ತಿರದಿಂದ ಕಂಡೆ. ಇಂಥ ಗ್ರಂಥಗಳಲ್ಲಿ ದೊಡ್ಡವರಿಗೆ ದೋಷಗಳೇ ಇರುವುದಿಲ್ಲ. ಆದ್ದರಿಂದ ಕೆಲವನ್ನು ನಾನೇ ಸೇರಿಸುತ್ತೇನೆ. ಅವರಿಗೆ ಅಡುಗೆ ಬರುವುದಿಲ್ಲ, ಬರುತ್ತದೆ ಎಂಬ ನಂಬಿಕೆ ಮಾತ್ರ ಬಲವಾಗಿದೆ. ಕೇರಂನಲ್ಲಿ ಸೋತರೆ ಅರ್ಧ ಗಂಟೆ ಮುಖ ಊದಿಸಿಕೊಳ್ಳುತ್ತಾರೆ. ಕೋಪ ಮೂಗಿನ ತುದಿಯಲ್ಲೇ ಇದೆ. ಆದರೆ ನಮ್ಮ ಬದಲಿಗೆ ಅವರು ಬಾಯಿ ತೆರೆದದ್ದನ್ನು ಈ ಮೂರು ವರ್ಷಗಳಲ್ಲಿ ನಾನು ಕಂಡಿಲ್ಲ. ಟೀ ಅಂಗಡಿಯವನು ನನ್ನನ್ನು ತೋರಿಸಿ, “ಇವರಿಗೆ ಸಕ್ಕರೆ ಎಷ್ಟು?” ಎಂದು ಅವರನ್ನು ಕೇಳಿದರೆ ಅಕ್ಕ ರಸ್ತೆಯ ಕಡೆ ನೋಡುತ್ತ ನಿಲ್ಲುತ್ತಾರೆ. ನಾನು ಹೇಳುವವರೆಗೂ ಟೀ ಬರುವುದಿಲ್ಲ. ಮೊದಮೊದಲು ಇದರಿಂದ ನನಗೆ ವಿಪರೀತ ಸಿಟ್ಟು ಬರುತ್ತಿತ್ತು.

ಈಗ ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. 1998ರಲ್ಲಿ ನನ್ನ ತಂಗಿ ಜೆಯಂತಿಯ ಮಗಳು ತಮಿಳರಸಿಗೆ ಮೂರು ವರ್ಷವಾಗಿ ಕಿವಿ ಚುಚ್ಚುವ ಶಾಸ್ತ್ರ ನಿಶ್ಚಯವಾಯಿತು. ನಮ್ಮ ಕಡೆ ಆ ಹೊತ್ತಿನಲ್ಲಿ ಮಗು ಕೂರಬೇಕಾದದ್ದು ತಾಯಿಯ ಸೋದರನ ತೊಡೆಯ ಮೇಲೆ. ಅದು ತಾಯ್ಮಾಮನ ಹಕ್ಕು. ಬೇರೊಬ್ಬನ ತೊಡೆಯ ಮೇಲೆ ಕೂರಿಸಿದರೆ ಮಾಮ ಸತ್ತಿದ್ದಾನೆ ಎಂದು ಊರಿಗೆಲ್ಲ ಹೇಳಿದ ಹಾಗೆ. ಜೆಯಂತಿಗೆ ಇರುವ ಸೋದರ ನಾನೊಬ್ಬನೇ. ಅವಳು ತಿಣ್ಣೆಗೇ ಬಂದು, ಅಕ್ಕನೆದುರು ತಲೆ ತಗ್ಗಿಸಿ ಹೇಳಿದಳು: “ಅಣ್ಣಾ, ನಮ್ಮ ಮಾವ ಯೋಚ್ನೆ ಮಾಡ್ತವ್ರೆ. ಸೆಂದಿಲ್‌ಕುಮಾರಣ್ಣನ ಕೂರ್ಸೋಣ ಅಂತವ್ರೆ.” ಸೆಂದಿಲ್‌ಕುಮಾರ್ ನಮ್ಮ ದೊಡ್ಡಪ್ಪನ ಮಗ.

ಅವಳ ಮಾವ ತಂಗವೇಲ್ ಉತ್ತಮಪಾಳಯದ ಬಾಳೆಹಣ್ಣಿನ ವ್ಯಾಪಾರಿ. ಅವರನ್ನು ಯಾರೂ ಕೆಟ್ಟವರೆಂದು ತಿಳಿಯಬಾರದು. ಒಂದು ಕಡೆ ಮೂರು ವರ್ಷದ ಮಗು, ಇನ್ನೊಂದು ಕಡೆ ಅಕ್ಕಸಾಲಿಯ ಸೂಜಿ, ನಡುವೆ ನನ್ನ ನಡುಗುವ ಕೈ. ಯಾವ ತಾತನಾದರೂ ಯೋಚಿಸುತ್ತಾನೆ. ಕೊನೆಗೆ ಅವರು ಒಂದು ಷರತ್ತು ಹೇಳಿ ಕಳಿಸಿದರು: “ಮುಂಚೇನೆ ಬಂದು ನಾಕು ಜನದಾಗೆ ಕೂತು ಮಾತಾಡ್ಲಿ. ಮಾತಾಡ್ದ ಅಂದ್ರೆ ಮಗು ಅವಂದು. ಇಲ್ಲಾಂದ್ರೆ ಸೆಂದಿಲ್ ಕೂತ್ಕತ್ತಾನೆ.”

ಕೈಯ ವಿಷಯಕ್ಕೆ ಅಕ್ಕ ನನ್ನನ್ನು ಕಾಳಿಮುತ್ತುವಿನ ಜೊತೆ ದಿಂಡಿಗಲ್‌ನ ಡಾಕ್ಟರ ಬಳಿ ಕಳಿಸಿದರು. ಚೀಟಿ ಬರೆದುಕೊಡಲಿಲ್ಲ, ನಾನೇ ಬಾಯಿಬಿಟ್ಟು ಕೇಳಬೇಕಾಯಿತು. ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿ, ಇನ್ನೊಂದು ಸೇರಿಸಿದರು. ನಡುಕ ಅರ್ಧಕ್ಕೆ ಇಳಿಯಿತು. ಮಾತಿನ ವಿಷಯವನ್ನು ಅಕ್ಕ ತಾವೇ ಕೈಗೆತ್ತಿಕೊಂಡರು.

ಆರು ಶನಿವಾರ ತಿಣ್ಣೆಯಲ್ಲಿ ತಾಲೀಮು ನಡೆಯಿತು. ನಮ್ಮಂಥವರು ಮದುವೆ ಮುಂಜಿಗೆ ಹೋದರೆ ನೆಂಟರು ಏನೇನು ಕೇಳುತ್ತಾರೆ ಎಂಬುದನ್ನು ಸದಸ್ಯರೆಲ್ಲ ಸೇರಿ ಕಪ್ಪುಹಲಗೆಯ ಮೇಲೆ ಬರೆಸಿದರು. ಇಪ್ಪತ್ತೊಂದು ಪ್ರಶ್ನೆಗಳಾದವು. ಇಪ್ಪತ್ತೊಂದಕ್ಕೂ ಜವಾಬು ಸಿದ್ಧವಾಯಿತು. ನಾನು ಚಾಪೆಯ ಮೇಲೆ ಕೂರಬೇಕು, ಉಳಿದವರು ಒಬ್ಬೊಬ್ಬರೇ ನೆಂಟರಾಗಿ ಬಂದು ಚುಚ್ಚಬೇಕು. ಕೇಳಿಸಿಕೊಂಡು ಹಣ್ಣಾದ ಜನ ಅವರು. ಕೇಳುವ ಅವಕಾಶ ಸಿಕ್ಕಿದ್ದೇ ತಡ, ಒಬ್ಬರಿಗಿಂತ ಒಬ್ಬರು ಚೆನ್ನಾಗಿ ನಟಿಸಿದರು.

“ಏನ್ ತಂಬಿ, ಇಳ್ದೋಗ್ಬುಟ್ಟಿದ್ದೀಯೆ! ಮಾತ್ರೆ ನುಂಗ್ದಾ?” ಇದು ಅತ್ತೆಯಾದ ಮುನಿಯಮ್ಮಾಳ್.

“ನುಂಗ್ದೆ ಅತ್ತೆ. ಬೆಳಿಗ್ಗೆ ಅರ್ಧ, ರಾತ್ರಿಗೆ ಒಂದು.”

“ವೇಲೆ ವೆಟ್ಟಿ ಇಲ್ದೆ ಸುಮ್ಕೆ ಕೂತವ್ನೆ ಅಂತಾರಲ್ಲಾ, ನಿಜವಾ ಮಾಪ್ಳೆ?” ಇದು ಮೀಸೆ ತಿರುವುತ್ತ ಕೆಲಸದ ವಿಚಾರ ತೆಗೆದ, ಮಾಮನಾದ ಕಾಳಿಮುತ್ತು.

“ಇಲ್ಲ ಮಾಮ. ತೇನಿನಾಗೆ ವಾರಕ್ಕೆ ನಾಕು ದಿನ ಬರೆಯೋ ವೇಲೆ ಮಾಡ್ತೀನಿ.”

ನಗುವಿನಲ್ಲಿ ಹೊಟ್ಟೆ ಹಿಡಿದುಕೊಂಡು ಉರುಳಾಡಿದ ದಿನಗಳು ಅವು. ಒಂದು ಶನಿವಾರ ಮಾತ್ರ ಮುನಿಯಮ್ಮಾಳ್, “ನಿಂಗೆ ಯಾರು ಹೆಣ್ಣು ಕೊಡ್ತಾರೆ, ನೀನೇ ಏಳು” ಎನ್ನಹೋಗಿ, ‘ಹೆಣ್ಣು’ ಎಂಬಲ್ಲಿ ಬಾಯಿತಪ್ಪಿ ‘ಗಂಡು’ ಎಂದುಬಿಟ್ಟರು. “ಇದು ನಮ್ಮ ಚಿತ್ತಿ ನನ್ನ ಕೇಳಿದ್ದು” ಎಂದು ತಮ್ಮ ಚಿಕ್ಕಮ್ಮನನ್ನು ನೆನೆದು ಎದ್ದು ನೀರು ಕುಡಿಯಲು ಹೋದರು. ಆ ದಿನ ಯಾರೂ ಮುಂದುವರಿಸಲಿಲ್ಲ. ಅಕ್ಕ ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತು ತರಕಾರಿ ಹೆಚ್ಚಿದರು.

ಶಾಸ್ತ್ರದ ದಿನ ಬೆಳಿಗ್ಗೆ ಎಂಟಕ್ಕೇ ಅಕ್ಕ, ಕಾಳಿಮುತ್ತು, ಮುನಿಯಮ್ಮಾಳ್ ಮತ್ತು ನಾನು ತಂಗವೇಲ್ ಮಾಮನ ಮನೆ ಸೇರಿದೆವು. ಮುಹೂರ್ತ ಹನ್ನೊಂದಕ್ಕೆ. ಮನೆಯ ಮುಂದೆ ಚಪ್ಪರ, ನೆಲಕ್ಕೆ ಜಮಖಾನ, ಒಂದು ಮೂಲೆಯಲ್ಲಿ ಹೊಸ ವೇಷ್ಟಿ ಉಟ್ಟ ಸೆಂದಿಲ್‌ಕುಮಾರ್. ನಾನು ಜಮಖಾನದ ನಡುವೆ ಕೂತು, ಇಪ್ಪತ್ತೊಂದು ಜವಾಬುಗಳನ್ನು ಮನಸ್ಸಿನಲ್ಲೇ ಒಮ್ಮೆ ತಿರುವಿಹಾಕಿ, ನೆಂಟರಿಗಾಗಿ ಕಾದೆ.

ಯಾರೂ ಏನನ್ನೂ ಕೇಳಲಿಲ್ಲ.

ಬಂದವರೆಲ್ಲ ನನ್ನನ್ನು ನೋಡಿ ಮೃದುವಾಗಿ ನಕ್ಕು, ಬೇರೆ ಕಡೆ ಹೋಗಿ ಕೂತರು. ಅತ್ತೆಯೊಬ್ಬರು ನನ್ನ ಕೈಗೆ ಕಾಪಿ ಕೊಟ್ಟು, ತುಟಿಗೆ ಬೆರಳಿಟ್ಟು ಮಗುವನ್ನು ಸುಮ್ಮನಿರಿಸುವಂತೆ ಉಳಿದವರನ್ನು ಸುಮ್ಮನಿರಿಸಿದರು. ನನಗೆ ನೋವಾಗಬಾರದೆಂದು ಎಲ್ಲರೂ ಮೊದಲೇ ಮಾತಾಡಿಕೊಂಡಿದ್ದರು. ಅದು ಆಮೇಲೆ ತಿಳಿಯಿತು. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ನನ್ನ ಸುತ್ತ ಜಮಖಾನ ನಾಲ್ಕು ಮೊಳ ಖಾಲಿ ಬಿದ್ದಿತ್ತು. ಬೈಗುಳದಂಥ ಪ್ರಶ್ನೆಗೂ ನನ್ನ ಬಳಿ ಜವಾಬಿತ್ತು, ಈ ಕರುಣೆಗೆ ಇರಲಿಲ್ಲ. ಕೈ ನಡುಗಿ ಕಾಪಿ ಲೋಟ ಸದ್ದು ಮಾಡಿತು. ಸೆಂದಿಲ್‌ಕುಮಾರ್ ವೇಷ್ಟಿಯನ್ನು ಸರಿ ಮಾಡಿಕೊಳ್ಳುವುದು ಕಾಣಿಸಿತು. ಎದ್ದು ಬಸ್ಸು ಹಿಡಿಯೋಣ ಎನಿಸಿತ್ತು, ಇದನ್ನು ಮುಚ್ಚಿಡುವುದಿಲ್ಲ.

ಅಕ್ಕನಿಗೆ ಮರ್ಯಾದೆಯ ಕುರ್ಚಿ ಹಾಕಿದ್ದರು. ಅವರು ಕುರ್ಚಿ ಬಿಟ್ಟು ಬಂದು, ನನ್ನ ಪಕ್ಕ ನೆಲಕ್ಕೆ ಕೂತು, ಚಪ್ಪರದ ಕಡೆ ನೋಡುತ್ತಲೇ ಮೆಲ್ಲಗೆ ಹೇಳಿದರು: “ಅಳಗರ್, ತಪ್ಪು ನಂದು. ಜವಾಬು ಮಾತ್ರ ಕಲಿಸ್ಬುಟ್ಟೆ. ಇವ್ರು ಕೇಳಾಕಿಲ್ಲ, ನೋಡ್ದಾ? ಬಯಬಿದ್ದವ್ರೆ. ನೀನೇ ಕೇಳು.”

“ಏನ್ ಕೇಳ್ಲಿ ಅಕ್ಕಾ?”

“ನಂಗೇನ್ ಗೊತ್ತು. ನಿನ್ ನೆಂಟ್ರು.”

ಇಷ್ಟು ಹೇಳಿ ಎದ್ದು ಹೋಗಿ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ತಂಗವೇಲ್ ಮಾಮ ಒಳಗಿನಿಂದ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತರು. ಸೊಸೆ ತಂದ ಕಾಪಿಯನ್ನು ಅವರು, “ಸಕ್ಕರೆ ಆಕಿಲ್ಲ ತಾನೆ?” ಎಂದು ಕೇಳಿ ತೆಗೆದುಕೊಂಡರು. ಆರು ಶನಿವಾರ ಕೇಳಿ ಕೇಳಿ ಕಿವಿಯಲ್ಲಿ ಕೂತಿದ್ದ ಪ್ರಶ್ನೆಯೊಂದು ನಾನು ತಡೆಯುವ ಮೊದಲೇ ನನ್ನ ಬಾಯಿಂದ ಹೊರಗೆ ಬಂತು.

“ಮಾಮ, ಮಾತ್ರೆ ನುಂಗಿದ್ರಾ?”

ಬಾಗಿಲಲ್ಲಿದ್ದ ಜೆಯಂತಿ ಸೆರಗು ಬಾಯಿಗೆ ಇಟ್ಟುಕೊಂಡಳು. ತಂಗವೇಲ್ ಮಾಮ ನನ್ನನ್ನು ನೋಡಿದರು, ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು, ಹಣೆಗೆ ಕೈ ಬಡಿದುಕೊಂಡರು.

“ಅಯ್ಯಯ್ಯೋ, ಮರ್ತೇಬುಟ್ಟಿನಲ್ಲಾ! ಈ ಗಡಿಬಿಡಿನಾಗೆ ಒಬ್ರಾನಾ ಕೇಳಿದ್ರಾ? ಇವನೊಬ್ಬ ಕೇಳ್ದ ನೋಡ್ರೀ!” ಎಂದು ಬಂದು ನನ್ನೆದುರು ದೊಪ್ಪನೆ ಕೂತರು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದರು. “ನಿಂದು?” ಎಂದರು. ನನ್ನ ಬೆಳಗಿನ ಅರ್ಧ ಮಾತ್ರೆಯೂ ಗಾಬರಿಯಲ್ಲಿ ಜೇಬಿನಲ್ಲೇ ಉಳಿದಿತ್ತು. ಒಂದೇ ಚೆಂಬಿನ ನೀರಿನಲ್ಲಿ ಇಬ್ಬರೂ ನುಂಗಿದೆವು. ಆಮೇಲೆ ಅವರು ತಮ್ಮ ಸಕ್ಕರೆಯ ಪುರಾಣ ಆರಂಭಿಸಿದರು. ಕಾಪಿ ಕೊಟ್ಟಿದ್ದ ಅತ್ತೆ ತಮ್ಮ ರಕ್ತದೊತ್ತಡವನ್ನು ಸೇರಿಸಿದರು. ಇನ್ನೊಬ್ಬರು ಮಂಡಿಯನ್ನು ಹಿಡಿದುಕೊಂಡು ಬಂದರು. ನೋಡುತ್ತ ನೋಡುತ್ತ ಜಮಖಾನ ತುಂಬಿತು. ಮಾತ್ರೆ ನುಂಗದವರು ಆ ಚಪ್ಪರದಲ್ಲಿ ಮೂರೋ ನಾಲ್ಕೋ ಮಂದಿ ಇದ್ದರು, ಅವರಿಗೆ ಆ ಹೊತ್ತು ಮಾತಾಡಲು ಏನೂ ಇರಲಿಲ್ಲ.

ಹನ್ನೊಂದಕ್ಕೆ ಅಕ್ಕಸಾಲಿ ಬಂದು ಕೂತಾಗ ತಂಗವೇಲ್ ಮಾಮ ಯಾರ ಮುಖವನ್ನೂ ನೋಡದೆ, “ತಾಯ್ಮಾಮ ಎಲ್ಲಿ? ಬಾಪ್ಪಾ, ಹೊತ್ತಾಯ್ತು” ಎಂದರು. ಸೆಂದಿಲ್‌ಕುಮಾರ್ ತಾನೇ ಮಗುವನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಕೂರಿಸಿದ. ಮೊದಲ ಕಿವಿಗೆ ಸೂಜಿ ತಾಗಿದ್ದೇ ತಮಿಳರಸಿ ಚೀರಿ, ನನ್ನ ಹೆಬ್ಬೆರಳನ್ನು ಹಿಡಿದುಕೊಂಡಳು. ಆ ಗಳಿಗೆಗೆ ನನ್ನ ನಡುಕ ನಿಂತಿತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಎರಡನೆಯ ಕಿವಿ ಮುಗಿಯುವವರೆಗೂ ಕೈ ನಡುಗುತ್ತಲೇ ಇತ್ತು. ಹಿಡಿದದ್ದನ್ನು ಬಿಡಲಿಲ್ಲ, ಅಷ್ಟೇ.

ಸೋಮವಾರ ತಿಣ್ಣೆಯಲ್ಲಿ ಅಕ್ಕ ಎಲ್ಲರ ಎದುರು ಎದ್ದು ನಿಂತು, ತಾವು ಏನು ತಪ್ಪು ಮಾಡಿದೆವೆಂದು ಒಂದೂ ಬಿಡದೆ ಹೇಳಿದರು. ಮೂವತ್ತು ವರ್ಷ ವಾರ್ಡಿನಲ್ಲಿದ್ದು ತಮಗೂ ಆ ಚಾಳಿ ಅಂಟಿತ್ತು ಎಂದರು: ಕೇಳುವವರು ಬೇರೆಯವರು, ಜವಾಬು ಕೊಡಬೇಕಾದವರು ರೋಗಿಗಳು ಎಂದು. ತಾವೇ ಕಪ್ಪುಹಲಗೆಯನ್ನು ಒರೆಸಿದರು. ಅಂದಿನಿಂದ ಶನಿವಾರದ ತಾಲೀಮಿನಲ್ಲಿ ನಾವು ಕಲಿಯುವುದು ಕೇಳುವುದನ್ನು: ಟೀ ಅಂಗಡಿಯವನ ಮಗಳ ಪರೀಕ್ಷೆ ಹೇಗಾಯಿತು, ಪಕ್ಕದ ಮನೆಯವರ ಜ್ವರ ಬಿಟ್ಟಿತೇ. ಕೆಲಸದ ಕೊನೆಯ ವರ್ಷಗಳಲ್ಲಿ, ತನ್ನ ಕೈಕೆಳಗಿನವರೆಂದು ಲೋಕ ಎಣಿಸುವವರ ಎದುರು ನಿಂತು ತಪ್ಪಾಯಿತು ಎನ್ನುವ ಹಿರಿಯರನ್ನು ನಾನು ಬೇರೆ ಕಂಡಿಲ್ಲ. ಅಭಿನಂದನ ಗ್ರಂಥದಲ್ಲಿ ಇದನ್ನು ಬರೆಯಲೇ ಎಂದು ಅವರನ್ನೇ ಕೇಳಿದೆ. “ಅದ ಬುಟ್ಟು ಬೇರೆ ಏನು ಬರೀತೀಯ?” ಎಂದರು.

ನಿವೃತ್ತಿಯ ನಂತರ ದಿಂಡಿಗಲ್‌ನಲ್ಲಿ ಇಂಥದೇ ಇನ್ನೊಂದು ಮನೆ ತೆರೆಯುವ ಹುನ್ನಾರದಲ್ಲಿ ಅವರು ಇದ್ದಾರೆಂದು ನಮಗೆಲ್ಲ ಗೊತ್ತು. ಗುಟ್ಟೆಂದು ಅವರು ತಿಳಿದಿದ್ದಾರೆ. ಅದು ಕೈಗೂಡಲಿ, ಆ ಅಡುಗೆಮನೆಯಿಂದ ಅವರನ್ನು ದೂರವಿಡುವ ಧೈರ್ಯಶಾಲಿ ಸದಸ್ಯರು ಅಲ್ಲಿಗೂ ಬರಲಿ.

ನಮ್ಮ ಜೆಯಂತಿಗೆ ಪೊಂಗಲ್ ಹೊತ್ತಿಗೆ ಎರಡನೆಯ ಮಗು. ಹುಟ್ಟುವ ಮೊದಲೇ ತಂಗವೇಲ್ ಮಾಮ ಹೇಳಿ ಕಳಿಸಿದ್ದಾರೆ, ಕಿವಿ ಚುಚ್ಚುವ ದಿನ ತಾಯ್ಮಾಮ ಬೆಳಿಗ್ಗೆಯೇ ಬರಬೇಕೆಂದು. ಷರತ್ತು ಏನೂ ಹಾಕಿಲ್ಲ. ಅಕ್ಕ, ಆ ದಿನಕ್ಕೂ, ಆ ಮಕ್ಕಳ ಮಕ್ಕಳ ಕಿವಿ ಚುಚ್ಚುವ ದಿನಕ್ಕೂ ನೀವು ಗಟ್ಟಿಯಾಗಿರಬೇಕು. ನಿಮಗೆ ಅವರು ಕುರ್ಚಿ ಹಾಕುತ್ತಾರೆ. ನೀವು ಬಂದು ನಮ್ಮ ಜೊತೆ ನೆಲಕ್ಕೇ ಕೂರಿ. ಮಗುವನ್ನು ನಾನು ಹಿಡಿದುಕೊಂಡಿರುತ್ತೇನೆ.